ರೊಟ್ಟಿ ಮಷಿನ್ನಿನ ನಾಲ್ಕನೆಯ ಪುಟ

ನನಗೆ ಚೆನ್ನಾಗಿ ಬರೆಯಲು ಬರುತ್ತದೆ ಎಂಬ ಭ್ರಮೆ ಅಂಟಿಕೊಂಡದ್ದು ಏಳನೆಯ ಇಯತ್ತೆಯಲ್ಲಿ. ಬ್ಯಾಡಗಿಯ ಶಾಲೆಯಲ್ಲಿ ನಮ್ಮ ಕನ್ನಡ ಮಾಸ್ತರರು ನಾನು ಆಕಳ ಮೇಲೆ ಬರೆದ ನಿಬಂಧವನ್ನು ಇಡೀ ವರ್ಗಕ್ಕೆ ಓದಿ ತೋರಿಸಿದರು. ಹೇಗೆ ಬರೆಯಬಾರದು ಎಂಬುದನ್ನು ತೋರಿಸಲಿಕ್ಕೆ ಅವರು ಹಾಗೆ ಓದಿರಬಹುದು ಎಂಬ ಅನುಮಾನ ನನಗೆ ಬಂದದ್ದು ತೀರ ಈಚೆಗೆ, ಐವತ್ನಾಲ್ಕನೆಯ ವಯಸ್ಸಿನಲ್ಲಿ. ನಡುವಿನ ಇಷ್ಟೂ ವರ್ಷ ನಾನೊಬ್ಬ ಬರಹಗಾರನೆಂದೇ ನಂಬಿಕೊಂಡು ಬದುಕಿದ್ದೇನೆ. ಬೀಗರಿಗೆ ಪತ್ರ, ನೆಂಟರಿಷ್ಟರ ಲಗ್ನಪತ್ರಿಕೆಯ ಒಕ್ಕಣೆ, ಓಣಿಯ ಗಣಪತಿ ಮಂಡಳಿಯ ಕರಪತ್ರ, ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಕರಪತ್ರ ಓದಿದವರಾರೂ ಚಂದಾ ಪಟ್ಟಿ ಕೊಡಲು ಮುಂದೆ ಬರಲಿಲ್ಲ ಎನ್ನುವುದು ಬೇರೆ ಮಾತು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಆದ ಫಜೀತಿಗೆಲ್ಲ ಮೂಲ ಆ ಆಕಳೇ.

ರಾಣೇಬೆನ್ನೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಲಿ ನಾವು ಜೋಳದ ರೊಟ್ಟಿಯ ಮಷಿನ್ ಮಾಡುತ್ತೇವೆ. ನಾವು ಎಂದರೆ ನಾನು, ಫಿಟ್ಟರ್ ಇಮಾಮಸಾಬ, ಮತ್ತು ಇಮಾಮಸಾಬ ಬೈದಾಗ ಮಾತ್ರ ಕೆಲಸ ಮಾಡುವ ಒಂದು ವೆಲ್ಡಿಂಗ್ ಯಂತ್ರ. ನಮ್ಮ ರೊಟ್ಟಿ ಮಷಿನ್ನಿನ ಮೇಲಿನ ಬಾಯಿಗೆ ನಾದಿದ ಹಿಟ್ಟು ಹಾಕಿದರೆ ಅದು ಎರಡು ರೋಲರ್‌ಗಳ ನಡುವೆ ಹಾದು ಹಾಳೆಯ ಹಾಗೆ ಕೆಳಗಿಳಿಯುತ್ತದೆ. ಅಚ್ಚು ಬಂದು ದುಂಡಗೆ ಕತ್ತರಿಸುತ್ತದೆ. ಎತ್ತಿ ಹಂಚಿಗೆ ಹಾಕಿದರಾಯಿತು. ಮಷಿನ್ನಿನ ಮುಂಭಾಗದಲ್ಲಿ ಗಣಪತಿಯ ಸಣ್ಣದೊಂದು ಹಿತ್ತಾಳೆ ತಗಡು, ಬಲಮಗ್ಗುಲಲ್ಲಿ ಬೆಲ್ಟ್ ಹಾಕಿದ ದೊಡ್ಡ ಚಕ್ರ. ಮದುವೆ ಮನೆಯವರು, ಖಾನಾವಳಿಯವರು, ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘದವರು ನಮ್ಮ ಗಿರಾಕಿಗಳು. ನನ್ನ ಹೆಂಡತಿ ಶಾಂತಾ ಮಾತ್ರ ಇವತ್ತಿಗೂ ನಮ್ಮ ಮಷಿನ್ನಿನ ರೊಟ್ಟಿ ತಿನ್ನುವುದಿಲ್ಲ, ಅವಳಿಗೆ ಕೈಯಿಂದ ಬಡಿದದ್ದೇ ಆಗಬೇಕು. ಈ ಸಂಗತಿಯನ್ನು ನಾನು ಗಿರಾಕಿಗಳಿಗೆ ಹೇಳುವುದಿಲ್ಲ. ನೀವೂ ಹೇಳಬೇಡಿ.

ಮಷಿನ್ ಅಂದ ಮೇಲೆ ಅದರ ಜೊತೆಗೊಂದು ಪುಸ್ತಕ ಇರಬೇಕಲ್ಲ. ದೊಡ್ಡ ಕಂಪನಿಯವರು ಮಿಕ್ಸರಿಗೂ ಪುಸ್ತಕ ಕೊಡುತ್ತಾರೆ. ಬರೆಯುವವರು ಯಾರು ಎಂಬ ಪ್ರಶ್ನೆಯೇ ನನ್ನ ತಲೆಗೆ ಬರಲಿಲ್ಲ. ಮನೆಯಲ್ಲೇ ಬಾವಿ ಇರುವವನು ಟ್ಯಾಂಕರ್ ತರಿಸುತ್ತಾನೆಯೇ? ಹದಿನೈದು ದಿನ ಸಂಜೆ ಕೂತು ಬರೆದೆ. ಮೂವತ್ತೆರಡು ಪುಟ ಆಯಿತು. ಮೊದಲ ಪುಟದಲ್ಲಿ ಗಣಪತಿ, ಎರಡನೆಯದರಲ್ಲಿ ನಮ್ಮಪ್ಪನ ಫೋಟೋ. ಮೂರರಿಂದ ಎಂಟರವರೆಗೆ ಬ್ಯಾಡಗಿಯಲ್ಲಿ ನಮ್ಮಪ್ಪ ಖಾರದ ಗಿರಣಿ ನಡೆಸಿದ ಇತಿಹಾಸ. ಆಮೇಲೆ ಈ ಮಷಿನ್ನಿನ ಬೇರಿಂಗ್ ಹುಡುಕಿಕೊಂಡು ನಾನು ಹುಬ್ಬಳ್ಳಿಗೆ ಎಷ್ಟು ಸಲ ಅಡ್ಡಾಡಿದೆ ಎಂಬುದರ ವಿವರ. ಮಷಿನ್ ಚಾಲೂ ಮಾಡುವ ವಿಧಾನ ಬರುವುದು ಇಪ್ಪತ್ತೇಳನೆಯ ಪುಟದಲ್ಲಿ. ಅಲ್ಲಿ ನಾನು ಹೀಗೆ ಬರೆದಿದ್ದೆ: “ಯಂತ್ರಕ್ಕೆ ಭಕ್ತಿಪೂರ್ವಕವಾಗಿ ನಮಸ್ಕರಿಸಿ, ತದನಂತರ ಹದವರಿತು ಸಿದ್ಧಪಡಿಸಿದ ಪಿಷ್ಟವನ್ನು ಯಂತ್ರಮುಖದಲ್ಲಿ ಅರ್ಪಿಸತಕ್ಕದ್ದು.” ಈ ವಾಕ್ಯವನ್ನು ಇಮಾಮಸಾಬನಿಗೆ ಓದಿ ಹೇಳಿದಾಗ ಅವನು ಬೋಲ್ಟು ತಿರುವುತ್ತಿದ್ದ ಪಾನಾ ಕೆಳಗಿಟ್ಟು, “ಭಾಳ ಚಲೋ ಐತ್ರಿ ಮಾಲಕ್ರ. ಯಾರರ ತೀರಿಕೊಂಡ್ರೇನ್ರಿ?” ಎಂದು ಕೇಳಿದ. ಅವನಿಗೆ ಸಾಹಿತ್ಯದ ಗಂಧವಿಲ್ಲ ಎಂದುಕೊಂಡು ಪುಟ ತಿರುವಿದೆ.

ಪುಸ್ತಕ ಅಚ್ಚಾಯಿತು, ಮಷಿನ್‌ಗಳ ಜೊತೆ ಊರೂರಿಗೆ ಹೋಯಿತು. ಅದರ ಬೆನ್ನಿಗೇ ಫೋನು ಶುರುವಾಯಿತು. ನಾನು ಊಟಕ್ಕೆ ಕೂತು ಮೊದಲ ತುತ್ತು ಪಲ್ಯದಲ್ಲಿ ಅದ್ದುವ ಹೊತ್ತಿಗೆ ಸರಿಯಾಗಿ ಹಾವೇರಿಯಿಂದ ಒಂದು, ಕಾಗಿನೆಲೆಯಿಂದ ಒಂದು. ದೂರು ಎಲ್ಲರದೂ ಒಂದೇ. ಬೆಳಗ್ಗೆ ಬಟನ್ ಒತ್ತಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. “ವೋಲ್ಟೇಜ್ ಕಡಿಮಿ ಇರಬೇಕ್ರಿ” ಎನ್ನುತ್ತಿದ್ದೆ. ಕರೆಂಟಿನ ಮೇಲೆ ಹಾಕಿದ ತಪ್ಪನ್ನು ನಮ್ಮ ಕಡೆ ಯಾರೂ ಪ್ರಶ್ನಿಸುವುದಿಲ್ಲ. ವೋಲ್ಟೇಜ್ ಸರಿಯಿದೆ ಎಂದು ಹಟ ಹಿಡಿದವರಲ್ಲಿಗೆ ಬೈಕ್ ಹತ್ತಿ ನಾನೇ ಹೋಗುತ್ತಿದ್ದೆ. ವಿಚಿತ್ರವೆಂದರೆ ನಾನು ಹೋಗಿ ಬಟನ್ ಒತ್ತಿದ ಕೂಡಲೇ ಮಷಿನ್ ತಿರುಗುತ್ತಿತ್ತು. “ನಿಮ್ಮ ಕೈಗುಣ ಭಾಳ ಚಲೋ ಐತ್ರಿ” ಎಂದು ಜನ ಚಹಾ ಕೊಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಆ ಮಾತು ಹಿಡಿಸಿತ್ತು. ಡಾಕ್ಟರರಿಗೆ ಕೈಗುಣ ಇರುತ್ತದೆ, ನನಗೂ ಇದ್ದರೆ ಏನು ತಪ್ಪು? ಶಾಂತಾ ಮಾತ್ರ ಒಂದು ದಿನ ಆರಿದ ಊಟದ ತಾಟನ್ನು ಎತ್ತಿಟ್ಟುಕೊಳ್ಳುತ್ತ, “ಅಲ್ರೀ, ಮಷಿನ್ ಜೋಡಿ ಪುಸ್ತಕ ಕೊಡ್ತೀರೋ, ಪುಸ್ತಕದ ಬದಲಿ ನೀವ ಹೋಗ್ತೀರೋ?” ಎಂದಳು. ನಾನು ಹೆಲ್ಮೆಟ್ ಹುಡುಕಿದೆ.

ಹೀಗಿರುವಾಗ ಮೋಟೆಬೆನ್ನೂರಿನ ನೀಲವ್ವ ಫೋನ್ ಮಾಡಿದರು. ಹೆದ್ದಾರಿಯ ಮಗ್ಗುಲಿಗೇ ಇರುವ ಆ ಊರಿನಲ್ಲಿ ಅವರದು ಹನ್ನೊಂದು ಹೆಣ್ಣುಮಕ್ಕಳ ಸಂಘ, ನೀಲವ್ವ ಅದರ ಮುಖ್ಯಸ್ಥೆ. ಎತ್ತರದ ಆಳು, ದೊಡ್ಡ ಕುಂಕುಮ, ಮಾತು ಎದುರಿನವರ ಎದೆಗೇ ನೇರ. ಅವರಲ್ಲಿಗೆ ನಾನು ಆಗಲೇ ಆರು ಸಲ ಹೋಗಿ ಬಂದಿದ್ದೆ. ಸುತ್ತಲಿನ ಊರುಗಳ ಸಂಘದವರೆಲ್ಲ ಮಷಿನ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ಮೋಟೆಬೆನ್ನೂರನ್ನೇ ನೋಡುತ್ತಿದ್ದಾರೆ ಎಂಬುದೂ ನನಗೆ ಗೊತ್ತಿತ್ತು.

“ಬಸಣ್ಣಾರ, ಮತ್ತ ಗುಂಯ್ ಅನ್ನಾಕತ್ತೈತಿ, ತಿರಗವಲ್ದು” ಎಂದರು.

“ಪುಸ್ತಕ ನೋಡಿದ್ರೇನ್ರಿ ನೀಲವ್ವಾರ?”

“ಪುಸ್ತಕ ದೇವರ ಜಗಲಿ ಮ್ಯಾಲ ಐತ್ರಿ. ಗಣಪತಿ ಅದಾನಲ್ರಿ ಅದರಾಗ? ದಿನಾ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗತೇವಿ.”

“ಬೆಳಗಿದ್ದು ಚಲೋ ಆತು. ಓದೀರೇನು?”

“ದೇವರ ಮುಂದಿನ ಪುಸ್ತಕ ಹಿಟ್ಟಿನ ಕೈಲೆ ಹೆಂಗ ಮುಟ್ಟೂದ್ರಿ?” ಎಂದು ನನಗೇ ತಿಳಿವಳಿಕೆ ಹೇಳಿದರು. ಆಮೇಲೆ ದನಿ ಇಳಿಸಿ, “ನೋಡ್ರಿ ಅಣ್ಣಾರ, ಸಿಟ್ಟಿಗೇಳಬ್ಯಾಡ್ರಿ. ನೀವು ಬಂದಾಗ ನಡೀತೈತಿ, ನೀವು ಹೋದಮ್ಯಾಲ ನಿಂದರತೈತಿ. ಹದಿನೈದು ದಿನ ನೋಡ್ತೇವಿ. ನೀವು ಬರದಂಗ, ಫೋನ್ ಮಾಡದಂಗ ನಡದ್ರ ಇಟ್ಟುಕೋತೇವಿ. ಇಲ್ಲಾಂದ್ರ ಟ್ರ್ಯಾಲ್ಯಾಗ ಹೇರಿಕೊಂಡು ಬಂದು ನಿಮ್ಮ ಅಂಗಡಿ ಮುಂದ ಇಳಿಸ್ತೇವಿ” ಎಂದರು.

ನಮ್ಮ ಒಂದು ಮಷಿನ್ನೂ ಅದುವರೆಗೆ ವಾಪಸ್ ಬಂದಿರಲಿಲ್ಲ. ಹಾಡಹಗಲು ರಾಣೇಬೆನ್ನೂರಿನ ರಸ್ತೆಯಲ್ಲಿ ಹನ್ನೊಂದು ಹೆಣ್ಣುಮಕ್ಕಳು ಟ್ರ್ಯಾಲಿಯಿಂದ ನನ್ನ ಮಷಿನ್ ಇಳಿಸುವುದನ್ನು, ಎದುರಿನ ಚಹಾದಂಗಡಿಯವರು ಗ್ಲಾಸು ಹಿಡಿದುಕೊಂಡೇ ಎದ್ದು ನಿಂತು ನೋಡುವುದನ್ನು ನೆನೆಸಿಕೊಂಡು ಊಟ ಸೇರಲಿಲ್ಲ. ಒಂದು ಮಷಿನ್ ಬಂದರೆ ಉಳಿದವೂ ದಾರಿ ನೋಡಿಕೊಂಡು ಬರುತ್ತವೆ ಎಂಬುದು ಅಂಗಡಿ ಇಟ್ಟವರಿಗೆಲ್ಲ ಗೊತ್ತು. ಪುಸ್ತಕ ತಿದ್ದೋಣವೆಂದು ಮತ್ತೆ ಪೆನ್ನು ಹಿಡಿದೆ. ಎರಡು ದಿನ ಕೂತದ್ದರ ಫಲವಾಗಿ ಮೂವತ್ತೆರಡು ಪುಟ ಮೂವತ್ತಾರಾಯಿತು.

ಮೂರನೆಯ ದಿನ ಏನೋ ಕೆಲಸಕ್ಕೆಂದು ಗೆಳೆಯನ ಬೀಜದಂಗಡಿಗೆ ಹೋಗಿದ್ದೆ. ಅವನು ಗಿರಾಕಿಯ ಜೊತೆ ಮಾತಾಡುತ್ತಿದ್ದಾಗ ಹೊತ್ತು ಹೋಗಲೆಂದು ಗೋವಿನಜೋಳದ ಬೀಜದ ಚೀಲದೊಳಗಿನ ಚೀಟಿ ಬಿಡಿಸಿ ಓದತೊಡಗಿದೆ. ಎಷ್ಟು ಆಳಕ್ಕೆ ಊರಬೇಕು ಎಂಬುದಕ್ಕೆ ಬೆರಳಿನ ಎರಡು ಗೆಣ್ಣು ಎಂದು ಚಿತ್ರ ಸಹಿತ ಬರೆದಿತ್ತು. ಯಾವಾಗ ಮೊದಲ ಗೊಬ್ಬರ, ಯಾವ ಎಲೆ ಹಳದಿಯಾದರೆ ಹೆದರಬೇಕು, ಯಾವುದಕ್ಕೆ ಹೆದರಬಾರದು, ಎಲ್ಲ ಒಂದೇ ಹಾಳೆಯಲ್ಲಿತ್ತು. ಗೇಣುದ್ದ ಹೊಲವಿಲ್ಲದ ನನಗೂ ಎದ್ದು ಹೋಗಿ ಬಿತ್ತಬೇಕೆನಿಸಿತು. “ಇದನ್ನ ಬರದ ಸೈಂಟಿಸ್ಟ್ ಯಾರೋ?” ಎಂದು ಗೆಳೆಯನನ್ನು ಕೇಳಿದೆ. “ಸೈಂಟಿಸ್ಟ್ ಬರದದ್ದು ಯಾರಿಗೂ ತಿಳೀಲಿಲ್ಲಂತ, ಹಾವೇರಿ ಕಡಿಂದ ಒಬ್ಬಾಕಿ ಹೆಣ್ಣಮಗಳನ್ನ ಕರಿಸಿ ಬರಸ್ಯಾರ. ಆಕಿಗೆ ಒಕ್ಕಲತನದ ಗಂಧಗಾಳಿ ಗೊತ್ತಿಲ್ಲ” ಎಂದ. ಗೊತ್ತಿಲ್ಲದವರಿಂದ ಇಷ್ಟು ಚೆನ್ನಾಗಿ ಬರೆಸುವುದು ಹೇಗೆ ಸಾಧ್ಯ ಎಂದು ನನಗೆ ತಿಳಿಯಲಿಲ್ಲ. ಆದರೂ ನಂಬರ್ ತೆಗೆದುಕೊಂಡೆ. ಟ್ರ್ಯಾಲಿ ಕಣ್ಣ ಮುಂದೆಯೇ ಇತ್ತು.

ಆಕೆಯ ಹೆಸರು ಸುಮಂಗಲಾ. ನಲವತ್ತರ ಆಸುಪಾಸು. ಪಂಪ್‌ಸೆಟ್ಟಿಗೆ, ಸ್ಪ್ರೇಯರಿಗೆ, ಬೀಜದ ಚೀಲಕ್ಕೆ ಇಂಥ ಪುಸ್ತಕ, ಚೀಟಿ ಬರೆದುಕೊಡುವುದೇ ಅವರ ಕೆಲಸ. ಹಾವೇರಿ ಬಸ್ಸಿಳಿದು ಛತ್ರಿ, ನೋಟುಬುಕ್ಕು ಮತ್ತು ಅಡಿಗೆಮನೆಯ ಒಂದು ಸಣ್ಣ ತಕ್ಕಡಿ ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದರು. ನಾನು ನನ್ನ ಮೂವತ್ತಾರು ಪುಟ ಕೈಗಿಟ್ಟು, ಅಲ್ಲಲ್ಲಿ ಒಂದೆರಡು ಅಕ್ಷರ ತಿದ್ದಿದರೆ ಸಾಕು ಎಂದೆ. ಆಕೆ ಕೊನೆಯವರೆಗೂ ಶ್ರದ್ಧೆಯಿಂದ ಓದಿದರು. ನಾನು ಎದುರಿಗೆ ಕೂತು ಆ ಮುಖವನ್ನೇ ನೋಡುತ್ತಿದ್ದೆ.

“ಸರ್, ನಿಮ್ಮ ತಂದೀಯವರ ಬಗ್ಗೆ ಓದಿ ಭಾಳ ಖುಷಿ ಆತ್ರಿ” ಎಂದರು. “ಆದ್ರ ರೊಟ್ಟಿ ಮಾಡೂದು ಹೆಂಗಂತ ನನಗ ತಿಳೀಲಿಲ್ಲ.”

“ನೀವು ಮನ್ಯಾಗ ರೊಟ್ಟಿ ಮಾಡೂದಿಲ್ಲೇನ್ರಿ?”

“ಇಲ್ರಿ. ನಾವು ಖಾನಾವಳಿಯಿಂದ ತರಸ್ತೇವಿ.”

ಚಹಾ ತಂದಿದ್ದ ಶಾಂತಾ ಕಪ್ಪು ಹಿಡಿದುಕೊಂಡೇ ನಿಂತುಬಿಟ್ಟಳು. ನಮ್ಮ ಮನೆ ವರ್ಕ್‌ಶಾಪಿನ ಹಿಂದೆಯೇ ಇರುವುದರಿಂದ ಇಂಥ ಆಘಾತಗಳು ಅವಳಿಗೆ ತಪ್ಪುವುದಿಲ್ಲ. ರೊಟ್ಟಿ ಮಾಡಲು ಬಾರದವರಿಂದ ರೊಟ್ಟಿ ಮಷಿನ್ನಿನ ಪುಸ್ತಕ ಬರೆಸುವ ಗಂಡನನ್ನು ಅವಳು ಒಮ್ಮೆ ನೋಡಿ ಒಳಗೆ ಹೋದಳು. ನನಗೂ ತಪ್ಪು ಮಾಡಿದೆನೇನೋ ಅನ್ನಿಸಿತು. ಇಪ್ಪತ್ತು ವರ್ಷ ಕಬ್ಬಿಣದ ಜೊತೆ ಹೆಣಗಿದವನು ನಾನು, ನಮ್ಮ ಮಷಿನ್ನಿನ ಒಂದೊಂದು ಬೋಲ್ಟೂ ನನಗೆ ಮೊಮ್ಮಕ್ಕಳಷ್ಟು ಪರಿಚಿತ. ಹೊರಗಿನಿಂದ ಬಂದವರು ಏನು ಬರೆದಾರು?

ಆಕೆ ಮಾತ್ರ ತಡ ಮಾಡಲಿಲ್ಲ. “ಸರ್, ನೀವು ಕೈ ಹಿಂದ ಕಟ್ಟಿಕೊಂಡು ನಿಂದರ್ರಿ. ಬಾಯಿಲೆ ಹೇಳ್ರಿ. ನೀವು ಹೇಳಿದಷ್ಟ ನಾನು ಮಾಡ್ತೇನಿ” ಎಂದರು. ಇದೇನು ಮಹಾ ಎಂದು ಕೈ ಕಟ್ಟಿ ನಿಂತೆ. “ಮೊದಲ ಹಿಟ್ಟು ಹಾಕ್ರಿ” ಎಂದೆ. ಆಕೆ ಚೀಲ ಬಿಚ್ಚಿ ಒಣ ಹಿಟ್ಟನ್ನು ಮಷಿನ್ನಿನ ಬಾಯಿಗೆ ಸುರಿದರು. ಇಮಾಮಸಾಬ ಸೀನಿದ.

“ಅಯ್ಯ, ಒಣಾ ಹಿಟ್ಟಲ್ರಿ! ನಾದಿದ್ದು!”

“ನಾದಿದ್ದು ಅಂತ ಹೇಳಲಿಲ್ಲಲ್ರಿ ಸರ್.”

“ಅದು ಯಾರಿಗೆ ಗೊತ್ತಿರಾಂಗಿಲ್ರಿ?”

“ನನಗ ಗೊತ್ತಿರಲಿಲ್ಲ” ಎಂದು ನೋಟುಬುಕ್ಕಿನಲ್ಲಿ ಏನೋ ಗೀಚಿಕೊಂಡರು. ಆಮೇಲೆ ನೀರು ಎಷ್ಟು ಎಂದು ಕೇಳಿದರು. ಅದು ನನಗೂ ಗೊತ್ತಿಲ್ಲದ್ದರಿಂದ ಶಾಂತಾಳನ್ನು ಕೂಗಿದೆ. “ಹಿಟ್ಟು ಎಷ್ಟು ಕೇಳ್ತೈತೋ ಅಷ್ಟು” ಎಂದಳು ಅವಳು. “ಹಿಟ್ಟು ಎಷ್ಟು ಕೇಳ್ತೈತ್ರಿ ಅಕ್ಕಾರ?” ಎಂದರು ಆಕೆ, ಒಂದಿಷ್ಟೂ ನಗದೆ. ಕೊನೆಗೆ ತಕ್ಕಡಿ ಹೊರಬಂತು. ಶಾಂತಾ ಎಸರಿಟ್ಟು ನಾಲ್ಕು ಸಲ ಹಿಟ್ಟು ನಾದಿದಳು, ಆಕೆ ನಾಲ್ಕು ಸಲವೂ ನೀರು, ಹಿಟ್ಟು ತೂಗಿದರು. ನಾಲ್ಕೂ ಸಲ ಹೆಚ್ಚುಕಡಿಮೆ ಒಂದೇ ತೂಕ ಬಂತು. ತನ್ನ ಕೈಯಲ್ಲಿ ಇಂಥ ಕರಾರುವಾಕ್ಕು ಲೆಕ್ಕ ಅಡಗಿದೆ ಎಂದು ಶಾಂತಾಳಿಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಅವಳ ಮುಖ ಅರಳಿತು. “ನೋಡ್ರಿ, ನೀವು ದಿನಾ ಉಪ್ಪು ಹೆಚ್ಚಾತು ನೀರು ಕಡಿಮಿ ಆತು ಅಂತೀರಿ” ಎಂದು ನನಗೆ ಚುಚ್ಚಿ, ಆ ಮಧ್ಯಾಹ್ನ ಸುಮಂಗಲಾ ಅವರಿಗೆ ಎಣ್ಣೆಗಾಯಿ ಮಾಡಿ ಬಡಿಸಿದಳು. ನನಗೂ ಬಡಿಸಿದಳು ಅನ್ನಿ, ಆಕೆಯ ನಂತರ.

ಮರುದಿನ ಬೆಳಗ್ಗೆ ನಾನು ವರ್ಕ್‌ಶಾಪಿಗೆ ಕಾಲಿಡುವ ಮೊದಲೇ ಆಕೆ ಬಂದು ಇಮಾಮಸಾಬನಿಂದ ಬೀಗ ತೆಗೆಸಿದ್ದರು. ಹಿಂದಿನ ದಿನ ರೊಟ್ಟಿ ಮಾಡಿದ ಮಷಿನ್ನಿನ ಬಟನ್ ಒತ್ತಿದ್ದಾರೆ. ನಾನು ಬಾಗಿಲಿಗೆ ಬಂದಾಗ ಗುಂಯ್ ಎಂಬ ಸದ್ದು. ಸ್ವಿಚ್ ಬಂದ್ ಮಾಡಿಸಿ, “ಸರೀರಿ ಮೇಡಮ್ಮಾರ” ಎಂದು ನಾನು ಮಷಿನ್ನಿನ ಹತ್ತಿರ ಹೋಗಿ, ದಿನದ ಹಾಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬಟನ್ ಒತ್ತಿದೆ. ತಿರುಗಿತು.

“ಏನ್ ಮಾಡಿದ್ರಿ ಸರ್?”

“ಏನೂ ಇಲ್ರಿ. ನಮಸ್ಕಾರ ಮಾಡಿದೆ.”

“ನಮಸ್ಕಾರ ನಾನೂ ಮಾಡಿದ್ನಿ. ನಿಮ್ಮ ಪುಸ್ತಕದಾಗ ಐತಲ್ಲ, ಭಕ್ತಿಪೂರ್ವಕ ಅಂತ.”

“ಮತ್ತ ನಿಮ್ಮ ಭಕ್ತಿ ಕಡಿಮಿ ಬಿದ್ದಿರಬೇಕು” ಎಂದು ನಾನು ನಕ್ಕೆ. ಆಕೆ ನಗಲಿಲ್ಲ. ನಾಳೆ ಮತ್ತೆ ಹೀಗೇ ಮಾಡಿ, ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಳ್ಳುತ್ತೇನೆ ಎಂದರು.

ವಿಡಿಯೋದಲ್ಲಿ ನನ್ನನ್ನು ನಾನು ಮಗ್ಗುಲಿನಿಂದ ನೋಡಿಕೊಂಡದ್ದು ಅದೇ ಮೊದಲು. ಮೊದಲ ಸಲ ನೋಡಿದಾಗ ಹೊಟ್ಟೆಯ ಹೊರತು ಬೇರೇನೂ ಕಾಣಲಿಲ್ಲ. “ಹೊಟ್ಟಿ ಬಿಡ್ರಿ ಸರ್, ಕೈ ನೋಡ್ರಿ” ಎಂದರು ಆಕೆ. ಎರಡನೆಯ ಸಲ ನೋಡಿದೆ. ನಾನು ಮುಂದಿನ ಗಣಪತಿಯ ತಗಡಿನತ್ತ ಹೋಗುತ್ತಲೇ ಇಲ್ಲ. ನೇರ ಬಲಮಗ್ಗುಲಿಗೆ ಹೋಗಿ, ದೊಡ್ಡ ಚಕ್ರದ ಮೇಲೆ ಅಂಗೈ ಇಡುತ್ತೇನೆ, ಅದನ್ನು ಅರ್ಧ ಸುತ್ತು ಹಿಂದಕ್ಕೆ ತಿರುವುತ್ತೇನೆ, ಆಮೇಲೆ ಅದೇ ಕೈ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ಚಕ್ರ ತಿರುಗುವಾಗ ಟಕ್ ಎಂದು ಸಣ್ಣ ಸದ್ದು. ರೋಲರ್‌ಗಳ ನಡುವೆ ಒಣಗಿ ಕಚ್ಚಿಕೊಂಡಿದ್ದ ನಿನ್ನೆಯ ಹಿಟ್ಟು ಬಿಟ್ಟ ಸದ್ದು ಅದು. ಊರೂರಿನ ಹೆಣ್ಣುಮಕ್ಕಳೆಲ್ಲ, ನನ್ನ ಪುಸ್ತಕ ಓದಿಯೋ ಓದದೆಯೋ, ಮುಂದಿನ ಗಣಪತಿಗೆ ಕೈಮುಗಿದು ಬಟನ್ ಒತ್ತುತ್ತಿದ್ದರು. ನಾನೊಬ್ಬ ಮಾತ್ರ ಚಕ್ರಕ್ಕೆ ನಮಸ್ಕಾರ ಮಾಡುತ್ತಿದ್ದೆ. ಅದು ನನಗೇ ಗೊತ್ತಿರಲಿಲ್ಲ.

“ಮಾಲಕ್ರ, ನಾನು ಹನ್ನೆರಡು ವರ್ಷದಿಂದ ನೋಡಾಕತ್ತೇನಿ. ನೀವು ದಿನಾ ಹಂಗ ಮಾಡ್ತೀರಿ” ಎಂದ ಇಮಾಮಸಾಬ.

“ಮತ್ತ ಹೇಳಲಿಲ್ಲ ಯಾಕೋ ಮಾರಾಯಾ?”

“ನಮಸ್ಕಾರ ಮಾಡೂದನ್ನ ಏನಂತ ಹೇಳೂದ್ರಿ?”

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ನಮ್ಮಪ್ಪ ನೆನಪಾದ. ಬ್ಯಾಡಗಿಯ ಆ ಖಾರದ ಗಿರಣಿಯಲ್ಲಿ ದೇವರ ಫೋಟೋ ಇಡಲು ಜಾಗವಿರಲಿಲ್ಲ, ಎಲ್ಲಿ ಇಟ್ಟರೂ ಒಂದು ವಾರದಲ್ಲಿ ಕೆಂಪಾಗುತ್ತಿತ್ತು. ಅಪ್ಪ ದಿನಾ ಬೆಳಗ್ಗೆ ಗಿರಣಿಯ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡು ಚಾಲೂ ಮಾಡುತ್ತಿದ್ದ. ನಾನು ಶಾಲೆಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅದು ಭಕ್ತಿ ಎಂದೇ ತಿಳಿದೆ. ರಾತ್ರಿಯೆಲ್ಲ ಮೆಣಸಿನಕಾಯಿಯ ಜಿಡ್ಡು ಕಚ್ಚಿಕೊಂಡ ಗಿರಣಿಯನ್ನು ಅವನು ಮೆಲ್ಲಗೆ ಬಿಡಿಸುತ್ತಿದ್ದನೋ, ನಿಜಕ್ಕೂ ಕೈಮುಗಿಯುತ್ತಿದ್ದನೋ, ಎರಡನ್ನೂ ಕೂಡಿಯೇ ಮಾಡುತ್ತಿದ್ದನೋ ನನಗೆ ಗೊತ್ತಿಲ್ಲ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಆರು ಪುಟ ಇತಿಹಾಸ ಬರೆದೆನಲ್ಲ, ಅವನು ನನಗೆ ಕೊಟ್ಟುಹೋದ ಈ ಒಂದೇ ಒಂದು ಸಂಗತಿಯನ್ನು ಅದರಲ್ಲಿ ಬರೆದಿರಲಿಲ್ಲ. ಕಣ್ಣು ತುಂಬಿಕೊಂಡವು. ವರ್ಕ್‌ಶಾಪಿನಲ್ಲಿ ಖಾರದ ನೆವ ಹೇಳಲೂ ಬರುವಂತಿರಲಿಲ್ಲ. ಸುಮಂಗಲಾ ನೋಟುಬುಕ್ಕು ಮುಚ್ಚಿ, ಶಾಂತಾಳ ಹತ್ತಿರ ಏನೋ ಕೇಳುವುದಿದೆ ಎಂದು ಒಳಗೆ ಹೋದರು.

ಹೊರಗಿನವರನ್ನು ಯಾಕೆ ಕರೆಸಬೇಕು ಎಂದು ಈಗ ಯಾರಾದರೂ ಕೇಳಿದರೆ ನಾನು ಉತ್ತರ ಹೇಳಬಲ್ಲೆ. ಮಷಿನ್ ಮಾಡಿದವನಿಗೆ ಮಷಿನ್ ಕಾಣುವುದಿಲ್ಲ, ಅದನ್ನು ಮಾಡಲು ತಾನು ಪಟ್ಟ ಪಾಡು ಕಾಣುತ್ತದೆ. ಅವನು ಅದನ್ನೇ ಬರೆಯುತ್ತಾನೆ. ಕೊಂಡವರಿಗೆ ಬೇಕಾದದ್ದು ನಾಳೆ ಬೆಳಗ್ಗೆ ಏನು ಮುಟ್ಟಬೇಕು, ಯಾವ ಕಡೆ ತಿರುವಬೇಕು ಎಂಬುದು. ಜೊತೆಗೆ ನಮ್ಮವರು ಯಾರೂ ನಮ್ಮನ್ನು ದಡ್ಡ ಪ್ರಶ್ನೆ ಕೇಳುವುದಿಲ್ಲ. ಇಮಾಮಸಾಬನಿಗೆ ಸಂಕೋಚ, ಶಾಂತಾಳಿಗೆ ಬೇಸರ, ನನಗೆ ಸೊಕ್ಕು. ಮೂರೂ ಇಲ್ಲದವರು ಬಸ್ಸು ಹತ್ತಿ ಹಾವೇರಿಯಿಂದಲೇ ಬರಬೇಕಾಯಿತು. ಬಂದವರು ಒಂದು ವಾರದಲ್ಲಿ ಹದಿನಾಲ್ಕು ಪುಟದ ಪುಸ್ತಕ ಬರೆದರು. ನಾಲ್ಕನೆಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಇಷ್ಟೇ ಇತ್ತು: “ಸ್ವಿಚ್ ಬಂದ್ ಇರಲಿ. ಬಲಗಡೆಯ ಚಕ್ರವನ್ನು ಕೈಯಿಂದ ಅರ್ಧ ಸುತ್ತು ಹಿಂದಕ್ಕೆ ತಿರುವಿ. ಟಕ್ ಎಂದರೆ ಹಿಟ್ಟು ಬಿಟ್ಟಿದೆ. ಈಗ ಸ್ವಿಚ್ ಹಾಕಿ.” ಕೆಳಗೆ ಚಕ್ರ ಹಿಡಿದ ಕೈಯ ಚಿತ್ರ. ವಿಡಿಯೋ ನೋಡಿ ಬರೆದದ್ದಾದ್ದರಿಂದ ಆ ಕೈ ನನ್ನದೇ, ಬೆರಳಿನ ಹವಳದ ಉಂಗುರವೂ ನನ್ನದೇ. ಮೂವತ್ತಾರು ಪುಟಗಳ ಸಾಹಿತ್ಯದಲ್ಲಿ ಉಳಿದ ನನ್ನ ಪಾಲು ಅಷ್ಟು.

ಜಗಳ ಆದದ್ದು ಗಣಪತಿಯ ವಿಷಯಕ್ಕೆ. ಮೊದಲ ಪುಟದಲ್ಲಿ ಗಣಪತಿ ಇರಲಿಲ್ಲ. ಪುಸ್ತಕ ಬೋಳು ಬೋಳಾಗಿ ಕಾಣುತ್ತದೆ, ಅಪಶಕುನ ಎಂದು ನಾನು ಪಟ್ಟು ಹಿಡಿದೆ. “ಗಣಪತಿ ಇದ್ರ ಪುಸ್ತಕ ಜಗಲಿಗೆ ಹೋಗ್ತೈತ್ರಿ ಸರ್. ನಮಗ ಅದು ಮಷಿನ್ ಹತ್ರ ಇರಬೇಕು” ಎಂದರು ಸುಮಂಗಲಾ. ಅಷ್ಟೇ ಅಲ್ಲ, ಪುಟಗಳಿಗೆಲ್ಲ ಪ್ಲಾಸ್ಟಿಕ್ ಹಾಕಿಸಿ, ಮೂಲೆಗೊಂದು ತೂತು ಹೊಡೆಸಿ, ದಾರದಿಂದ ಅದನ್ನು ಮಷಿನ್ನಿಗೇ ಕಟ್ಟಿದರು. ಹಿಟ್ಟಿನ ಕೈಯಿಂದ ಮುಟ್ಟಬಹುದು, ಒರೆಸಬಹುದು, ಒಯ್ದು ಪೂಜೆ ಮಾಡಲು ಬರುವುದಿಲ್ಲ. ನಮ್ಮ ಜನರ ಭಕ್ತಿಯನ್ನು ಇಷ್ಟು ಸರಿಯಾಗಿ ಅಳೆದವರನ್ನು ನಾನು ಬೇರೆ ನೋಡಿಲ್ಲ.

ಹದಿನೈದನೆಯ ದಿನ ಹೊಸ ಪುಸ್ತಕ ತೆಗೆದುಕೊಂಡು ನಾನೂ ಸುಮಂಗಲಾ ಅವರೂ ಮೋಟೆಬೆನ್ನೂರಿಗೆ ಹೋಗಿ ಅದನ್ನು ಅಲ್ಲಿಯ ಮಷಿನ್ನಿಗೆ ಕಟ್ಟಿದೆವು. ಆಕೆ ಹಾಕಿದ ಕರಾರು ಏನೆಂದರೆ ನಾನು ಮೂಲೆಯ ಕುರ್ಚಿಯಲ್ಲಿ ಕೂರಬೇಕು, ಬಾಯಿ ತೆಗೆಯಬಾರದು, ಕೈ ಮುಂದೆ ಮಾಡಬಾರದು. ನೆರೆಯೂರಿನ ಸಂಘಗಳಿಂದಲೂ ಏಳೆಂಟು ಹೆಣ್ಣುಮಕ್ಕಳು ನೋಡಲು ಬಂದು ಗೋಡೆಗೊರಗಿ ನಿಂತಿದ್ದರು. ಅಂಗಳದಲ್ಲಿ ನಿಜವಾಗಿಯೂ ಒಂದು ಟ್ರ್ಯಾಲಿ ನಿಂತಿತ್ತು. ಅದು ಯಾಕೆ ನಿಂತಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನೀಲವ್ವ ದಾರದಲ್ಲಿ ನೇತಾಡುತ್ತಿದ್ದ ಪುಸ್ತಕ ಬಿಡಿಸಿ, ಶಾಲೆಯ ಮಕ್ಕಳ ಹಾಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಒಬ್ಬಾಕೆ ನೀರು ಅಳೆದಳು, ಇನ್ನೊಬ್ಬಾಕೆ ನಾದಿದಳು. ನಾಲ್ಕನೆಯ ಪುಟ ಬಂತು. ನೀಲವ್ವ ಮೊದಲು ಗಣಪತಿಗೆ ಕೈಮುಗಿದರು. ನಾನು ಕುರ್ಚಿಯ ಅಂಚಿಗೆ ಸರಿದೆ. ಆಮೇಲೆ ಬಲಕ್ಕೆ ಬಂದು ಚಕ್ರವನ್ನು ಹಿಂದಕ್ಕೆ ತಿರುವಿದರು. ಟಕ್. ಬಟನ್ ಒತ್ತಿದರು. ಮಷಿನ್ ತಿರುಗಿತು, ದುಂಡನೆಯ ರೊಟ್ಟಿಗಳು ಒಂದರ ಹಿಂದೊಂದು ಇಳಿದು ಬಂದವು. ಗೋಡೆಗೊರಗಿದ್ದವರೆಲ್ಲ ಮುಂದೆ ಬಂದರು. ಆ ಟ್ರ್ಯಾಲಿ ಗೊಬ್ಬರ ಹೇರಲು ಬಂದದ್ದು ಎಂದು ಆಮೇಲೆ ತಿಳಿಯಿತು.

ಮಷಿನ್ ಬಂದ್ ಮಾಡಿ ಎಲ್ಲರೂ ಊಟಕ್ಕೆ ಕೂತೆವು. ನಮ್ಮದೇ ಮಷಿನ್ನಿನ ರೊಟ್ಟಿ, ಝುಣಕದ ವಡಿ, ಶೇಂಗಾ ಚಟ್ನಿ. ಹೊಟ್ಟೆ ತುಂಬಿದ ಮೇಲೆ ನನ್ನ ಹಳೆಯ ಸೊಕ್ಕೂ ಸ್ವಲ್ಪ ಮೇಲೆದ್ದಿತು. ಅದನ್ನು ಗುರುತಿಸಿದವರ ಹಾಗೆ ನೀಲವ್ವ, “ಅಣ್ಣಾರ, ಮಧ್ಯಾಹ್ನದ ಪಾಳಿ ನೀವ ಚಾಲೂ ಮಾಡಿಕೊಡ್ರಿ. ನಿಮ್ಮ ಕೈಗುಣ ಇವರೂ ನೋಡ್ಲಿ” ಎಂದರು. ನೆರೆಯೂರಿನವರು ಸುತ್ತ ನಿಂತರು. ಎರಡು ಮೂರು ಮೊಬೈಲುಗಳು ಮೇಲೆದ್ದವು. ಮೊಬೈಲು ಕಂಡದ್ದೇ ನನಗೆ ವಿಡಿಯೋದ ಹೊಟ್ಟೆ ನೆನಪಾಯಿತು. ಉಸಿರೆಳೆದು ಅದನ್ನು ಒಳಗೆಳೆದುಕೊಂಡೆ. ನೋಡುವವರಿಗೆ ಚೆನ್ನಾಗಿ ಕಾಣಲೆಂದು ಮಷಿನ್ನಿನ ಮುಂದೆ ನೆಟ್ಟಗೆ ನಿಂತು, ಗಣಪತಿಗೆ ಎರಡೂ ಕೈಯೆತ್ತಿ ಭಕ್ತಿಪೂರ್ವಕವಾಗಿ ನಮಸ್ಕರಿಸಿ ಬಟನ್ ಒತ್ತಿದೆ.

ಗುಂಯ್.

ಊಟ ಮುಗಿಯುವುದರೊಳಗೆ ರೋಲರ್‌ಗಳ ನಡುವಿನ ಹಿಟ್ಟು ಒಣಗಿ ಮತ್ತೆ ಕಚ್ಚಿಕೊಂಡಿತ್ತು. ಇಪ್ಪತ್ತು ವರ್ಷ ತಾನೇ ತಾನಾಗಿ ಹೋಗುತ್ತಿದ್ದ ಕೈ, ಎಲ್ಲಿಗೆ ಹೋಗಬೇಕು ಎಂದು ತಲೆಗೆ ಗೊತ್ತಾದದ್ದೇ ಮುಷ್ಕರ ಹೂಡಿತ್ತು. “ವೋಲ್ಟೇಜ್...” ಎಂದು ನಾನು ಬಾಯಿ ತೆರೆಯುವುದರೊಳಗೆ ನೀಲವ್ವ ಸ್ವಿಚ್ ಬಂದ್ ಮಾಡಿ, ದಾರ ಹಿಡಿದೆಳೆದು ಪುಸ್ತಕವನ್ನು ನನ್ನ ಮುಂದೆ ಹಿಡಿದರು. ನಾಲ್ಕನೆಯ ಪುಟ. ಅಲ್ಲಿ ನನ್ನದೇ ಕೈ, ನನ್ನದೇ ಉಂಗುರ, ಚಕ್ರದ ಮೇಲೆ ಅಂಗೈ ಊರಿಕೊಂಡು ನನಗೆ ಪಾಠ ಹೇಳುತ್ತಿತ್ತು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದೆ. ಬಲಕ್ಕೆ ಹೋದೆ. ಚಿತ್ರದಲ್ಲಿದ್ದ ಹಾಗೆ ಕೈ ಇಟ್ಟು ಅರ್ಧ ಸುತ್ತು ಹಿಂದಕ್ಕೆ ತಿರುವಿದೆ. ಟಕ್ ಎಂದಿತು.

“ಬಂತಲ್ರಿ!” ಎಂದರು ನೀಲವ್ವ, ನನ್ನ ಬೆನ್ನು ತಟ್ಟುವುದೊಂದು ಬಾಕಿ. “ಹೊಸಬರಿಗೆ ಮೊದಲನೇ ಸಲ ಹಿಂಗ ಆಗ್ತೈತ್ರಿ ಅಣ್ಣಾರ. ಹೆದರಬ್ಯಾಡ್ರಿ, ಮಾಡ್ತಾ ಮಾಡ್ತಾ ರೂಢಿ ಆಗ್ತೈತಿ.”